ಐಸ್‌ಕ್ರೀಂ ಪಿಕಪ್ಪಿನ ದಯಾನಂದ

ದಯಾನಂದ ಹೋದಷ್ಟು ಮದುವೆಗಳಿಗೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಯಾವ ಪುರೋಹಿತರೂ ಹೋಗಿರಲಿಕ್ಕಿಲ್ಲ. ಆದರೆ ಒಂದೇ ಒಂದು ಧಾರೆಯನ್ನೂ ಅವನು ಕಣ್ಣಾರೆ ಕಂಡದ್ದಿಲ್ಲ. ಮುಂದುಗಡೆ ವಾಲಗ ಏರುವ ಹೊತ್ತಿಗೆ ಅವನು ಸಭಾಭವನದ ಹಿಂದುಗಡೆ, ಅಡುಗೆಯವರ ಒಲೆಗೂ ಕಂಪೌಂಡಿಗೂ ನಡುವೆ ಎಲ್ಲೋ, ತನ್ನ ಪಿಕಪ್ಪಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿರುತ್ತಿದ್ದ. ಮದುಮಗ ಮದುಮಗಳು ಯಾರೆಂದು ಗೇಟಿನ ಫ್ಲೆಕ್ಸಿನಿಂದ ಗೊತ್ತಾಗುತ್ತಿತ್ತು. ಒಂದೇ ದಿನ ಎರಡು ಕಡೆ ಹೋಗಬೇಕಾದಾಗ ಒಂದು ಕಡೆಯ ಮದುಮಗನಿಗೆ ಇನ್ನೊಂದು ಕಡೆಯ ಮದುಮಗಳು ಅವನ ತಲೆಯಲ್ಲಿ ಜೋಡಿಯಾಗುವುದಿತ್ತು. ಅದರಿಂದ ಯಾರಿಗೂ ತೊಂದರೆಯಾದ ಸುದ್ದಿ ಇಲ್ಲ.

ಅವನ ಕೆಲಸ ಐಸ್‌ಕ್ರೀಂ ಸಾಗಿಸುವುದು. ಬಿ.ಸಿ. ರೋಡಿನ ಶೇಖರಣ್ಣನಿಗೆ ಮದುವೆ, ಗೃಹಪ್ರವೇಶಗಳಿಗೆ ಐಸ್‌ಕ್ರೀಂ ಒದಗಿಸುವ ವ್ಯಾಪಾರ. ಅವರ ಹಳೆಯ ಡೀಸೆಲ್ ಪಿಕಪ್ಪಿಗೆ ದಯಾನಂದ ಡ್ರೈವರು. ಪಿಕಪ್ಪಿನ ಹಿಂದೆ ಬಿಳಿ ಪೆಟ್ಟಿಗೆ, ಪೆಟ್ಟಿಗೆಗೆ ತಂಪು ಮಾಡುವ ಯಂತ್ರ, ಆ ಯಂತ್ರವನ್ನು ತಿರುಗಿಸುವ ಬೆಲ್ಟು ಇಂಜಿನ್ನಿನದ್ದು. ಇಂಜಿನ್ ನಿಂತರೆ ತಂಪೂ ನಿಂತಿತು. ಹಾಗಾಗಿ ಬೆಳಿಗ್ಗೆ ಬಂದು ನಿಂತಲ್ಲಿಂದ ಕೊನೆಯ ಪಂಕ್ತಿಯ ಕೊನೆಯ ಕಪ್ ಹೋಗುವವರೆಗೆ ಪಿಕಪ್ಪು ನಿಂತಲ್ಲೇ ಓಡುತ್ತಿರಬೇಕು. ಹಾಲ್‌ನವರು ಫ್ರೀಜರ್ ತಂದಿಟ್ಟುಕೊಳ್ಳಿ, ಕರೆಂಟಿನ ಪ್ಲಗ್ ಕೊಡುತ್ತೇವೆ ಎನ್ನುತ್ತಿದ್ದರು. ದಯಾನಂದ ಬೇಡ ಎನ್ನುತ್ತಿದ್ದ. ಕರೆಂಟು ಬರುವುದರ ಬಗ್ಗೆ ಅವನಿಗೆ ಅನುಮಾನ ಇರಲಿಲ್ಲ, ಇರುವುದರ ಬಗ್ಗೆ ಇತ್ತು.

ದಿನವಿಡೀ ಎಲ್ಲಿಗೂ ಹೋಗದ ಗಾಡಿಯನ್ನು ಓಡಿಸುವುದು ಸುಲಭ ಎಂದು ಜನ ಭಾವಿಸುತ್ತಾರೆ. ದಯಾನಂದ ಈ ವಿಷಯದಲ್ಲಿ ಯಾರೊಂದಿಗೂ ವಾದಕ್ಕಿಳಿದವನಲ್ಲ. ಬೆಳಿಗ್ಗೆ ಆಯಿಲು ಎಷ್ಟುಂಟು ಎಂದು ಕಡ್ಡಿ ಎಳೆದು ನೋಡುವನು, ರೇಡಿಯೇಟರಿನ ನೀರು ನೋಡುವನು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುವನು. ಹಾಲ್‌ಗೆ ಬಂದರೆ ಮೊದಲು ಸಮತಟ್ಟು ಜಾಗ ಹುಡುಕುವನು. ಕೆಳಗೆ ಒಣ ಎಲೆ, ಹುಲ್ಲು ಇದ್ದರೆ ಕಾಲಿನಿಂದ ಸರಿಸುವನು. ಸೈಲೆನ್ಸರಿನ ಕೊಳವೆ ಬೆಂಕಿ ಕೆಂಡದ ಹಾಗೆ ಕಾದಿರುತ್ತದೆ. ಹೊಗೆ ಅಡುಗೆಯ ಕಡೆಗೂ ಊಟದ ಕಡೆಗೂ ಹೋಗದಂತೆ ಗಾಳಿ ನೋಡಿ ಗಾಡಿಯ ಹಿಂಭಾಗ ಬಯಲಿಗೆ ತಿರುಗಿಸುವನು. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಅದರ ಮೇಲೂ ನಂಬಿಕೆಯಿಡದೆ ಚಕ್ರಕ್ಕೆ ಎರಡು ಕಲ್ಲು ಕೊಡುವನು. ಇಂಜಿನ್ ತೀರಾ ನಿಧಾನಕ್ಕೆ ಓಡಿದರೆ ಸರಿಯಾಗಿ ಬಿಸಿಯೇರದೆ ಒಳಗೆ ಮಸಿ ಕಟ್ಟುತ್ತದೆ. ಅದಕ್ಕಾಗಿ ಗ್ಯಾರೇಜಿನ ಬಾವಾಕ ಎಕ್ಸಲೇಟರಿಗೆ ಕೈಯಿಂದ ಎಳೆಯುವ ಒಂದು ತಂತಿ ಜೋಡಿಸಿಕೊಟ್ಟಿದ್ದರು. ಅದನ್ನು ಚೂರು ಎಳೆದಿಟ್ಟು, ಶಬ್ದ ಹದಕ್ಕೆ ಬಂತೆಂದು ಖಾತ್ರಿಯಾದ ಮೇಲೆ ಕುರ್ಚಿಯಲ್ಲಿ ಕೂರುವನು. ಕೂತ ಮೇಲೆ ಮಾಡುವುದೇನೂ ಇರಲಿಲ್ಲ. ಅದೇ ಕಷ್ಟದ ಭಾಗ.

ಹೀಗೆ ಕೂತು ಕೂತು ಅವನಿಗೆ ನಲವತ್ತಾಯಿತು. ಮದುವೆಯಾಗಿರಲಿಲ್ಲ. ನಾರಾವಿ ಕಡೆಯ ಗುಡ್ಡದ ಮೇಲಿನ ಮನೆಯಲ್ಲಿ ಅವನ ಅಮ್ಮ ಸೇಸಮ್ಮ ಮೊದಮೊದಲು ಹೆಣ್ಣು ಹುಡುಕಿದರು, ಆಮೇಲೆ ಹೇಳಿಟ್ಟರು, ಆಮೇಲೆ ಸುಮ್ಮನಾದರು. ಡ್ರೈವರಿಗೆ ಕೊಡುವುದಿಲ್ಲ ಎಂದವರು ಕೆಲವರು, ಗುಡ್ಡ ಹತ್ತಬೇಕು ಎಂದವರು ಕೆಲವರು. ಒಬ್ಬರು ಮಾತ್ರ ಹುಡುಗ ಮಾತಾಡುವುದಿಲ್ಲ ಎಂದರು. ಅದು ಸುಳ್ಳಲ್ಲ. ಜೀವಮಾನವಿಡೀ ಓಡುವ ಇಂಜಿನ್ನಿನ ಪಕ್ಕ ಕೂತವನಿಗೆ ಎರಡು ಸಲ ಹೇಳಬೇಕಾದ ಮಾತನ್ನು ಒಂದು ಸಲವೂ ಹೇಳದಿರುವ ಅಭ್ಯಾಸ ಬಂದಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಮುಹೂರ್ತಗಳು ಒತ್ತೊತ್ತಾಗಿ ಬಿದ್ದವು. ಗಾಡಿಯ ಸೈಲೆನ್ಸರಿನಲ್ಲಿ ತುಕ್ಕು ಹಿಡಿದು ಒಂದು ತೂತಾಗಿತ್ತು, ಡ್ರೈವರ್ ಸೀಟಿನ ಕೆಳಗಡೆಯೇ. ಬಾವಾಕ ಅಡಿಗೆ ಮಲಗಿ ನೋಡಿ, "ಇದನ್ನು ಬದಲಿಸ್ಬೇಕು ದಯಣ್ಣ. ಒಂದು ದಿನ ಗಾಡಿ ಇಲ್ಲಿ ಬಿಟ್ಟು ಹೋಗಿ" ಅಂದರು.

"ಸೀಸನ್ ಮುಗೀಲಿ" ಅಂದ ದಯಾನಂದ.

"ಮುಗಿಯುವುದು ಸೀಸನ್ನಾ ನೀವಾ ಅಂತ ನೋಡಿ" ಅಂದರು ಬಾವಾಕ, ಎದ್ದು ಅಂಗಿ ಕೊಡವಿಕೊಳ್ಳುತ್ತ. ಅವರು ಹೇಳುವ ಮಾತುಗಳೆಲ್ಲ ಇದೇ ಧಾಟಿಯವು. ದಯಾನಂದ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅದೇ ವಾರ ಮೂಡುಬಿದಿರೆ ಹತ್ತಿರದ ಒಂದು ಸಭಾಭವನದಲ್ಲಿ ಮದುವೆ. ದಯಾನಂದ ಎಂದಿನಂತೆ ಬಯಲಲ್ಲಿ ಗಾಡಿ ನಿಲ್ಲಿಸಿ, ಕಲ್ಲು ಕೊಟ್ಟು, ಕುರ್ಚಿ ಹಾಕಿದ್ದ. ಅಷ್ಟರಲ್ಲಿ ಹಾಲ್‌ನ ಮ್ಯಾನೇಜರು ಬಂದರು. ಮದುವೆಯ ವಿಡಿಯೋ ನೇರವಾಗಿ ದುಬೈಗೆ ಹೋಗುತ್ತದಂತೆ, ಅಲ್ಲಿ ಕೂತವರಿಗೆ ಮಂತ್ರಕ್ಕಿಂತ ಪಿಕಪ್ಪಿನ ಶಬ್ದ ಹೆಚ್ಚು ಕೇಳುತ್ತದಂತೆ.

"ಆ ಅಡುಗೆಮನೆ ಸಂದಿಗೆ ತೆಗೆದುಕೊಳ್ಳಿ ಮಾರಾಯ್ರೆ. ಅಲ್ಲಿ ಶೀಟೂ ಉಂಟು, ನೆರಳೂ ಆಯ್ತು."

ಸಂದಿ ಎಂದರೆ ಅಡುಗೆಮನೆಯ ಗೋಡೆಗೂ ಕಂಪೌಂಡಿಗೂ ನಡುವಿನ ಜಾಗ. ಮೂರು ಕಡೆ ಗೋಡೆ, ಮೇಲೆ ತಗಡಿನ ಶೀಟು. ಅಂಥ ಜಾಗದಲ್ಲಿ ಗಾಡಿ ಓಡಿಸುತ್ತ ಇಡಬಾರದೆಂದು ದಯಾನಂದನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದ. ಮ್ಯಾನೇಜರು ಕಿವಿಗೆ ಕೈಯಿಟ್ಟು "ಆಂ?" ಅಂದರು. ಎರಡನೆಯ ಸಲ ಹೇಳುವ ಬದಲು ಅವನು ಗಾಡಿಯನ್ನು ಸಂದಿಗೆ ಹಿಮ್ಮುಖವಾಗಿ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಶಬ್ದ ಇನ್ನೂ ಕಡಿಮೆಯಾಗಲಿ ಎಂದು ಯಾರೋ ಮುಂದೆ ಟಾರ್ಪಾಲನ್ನೂ ಇಳಿಬಿಟ್ಟರು. ಅಲ್ಲಿ ಕುರ್ಚಿ ಹಿಡಿಸುವಷ್ಟು ಜಾಗವಿರಲಿಲ್ಲ. ಪಕ್ಕದ ಚರಂಡಿಯಿಂದ ಸೊಳ್ಳೆಗಳು ಎದ್ದವು. ಹಿಂದಿನ ಮೂರು ದಿನ ನಿದ್ದೆ ಸರಿಯಾಗಿರಲಿಲ್ಲ. ದಯಾನಂದ ಕ್ಯಾಬಿನ್ನಿನೊಳಗೆ ಕೂತು, ಗಾಜು ಏರಿಸಿ, ಐದು ನಿಮಿಷ ಎಂದುಕೊಂಡು ತಲೆ ಹಿಂದಕ್ಕೆ ಒರಗಿಸಿದ.

ಅಡುಗೆಮನೆಯಲ್ಲಿ ಹರಿಣಾಕ್ಷಿ ಅನ್ನ ಬಸಿಯುತ್ತಿದ್ದಳು. ನರಿಕೊಂಬಿನವಳು, ಅಕ್ಕನ ಮನೆಯಲ್ಲಿ ಇರುವವಳು, ಮೂವತ್ತಾರರ ಹೆಂಗಸು. ಮೊದಲು ಬೀಡಿ ಕಟ್ಟುತ್ತಿದ್ದಳು. ಸೊಂಟ ನೋವು ಎಂದು ಅದನ್ನು ಬಿಟ್ಟು ಕ್ಯಾಟರಿಂಗಿಗೆ ಸೇರಿದಳು. ಇಲ್ಲಿ ಸೊಂಟದ ಜೊತೆಗೆ ಭುಜವೂ ನೋಯುತ್ತಿತ್ತು. ಅಡುಗೆಮನೆಯ ಕಿಟಕಿ ಸಂದಿಗೆ ತೆರೆದುಕೊಂಡಿತ್ತು. ಡೀಸೆಲ್ ಹೊಗೆ ಅಲ್ಲಿಂದ ಒಳಗೆ ಬಂದು ಬಿಸಿ ಅನ್ನದ ಮೇಲೆ ಹಾಯುವುದನ್ನು ಅವಳು ಸ್ವಲ್ಪ ಹೊತ್ತು ಸಹಿಸಿದಳು. ಆಮೇಲೆ ದೊಡ್ಡ ಸೌಟು ಹಿಡಿದುಕೊಂಡೇ ಹೊರಟಳು. ಅವಳು ಹೋದದ್ದು ಜೀವ ಉಳಿಸಲಿಕ್ಕಲ್ಲ, ಜಗಳ ಮಾಡಲಿಕ್ಕೆ. ಇದನ್ನು ಅವಳೇ ಆಮೇಲೆ ಕೇಳಿದವರಿಗೆಲ್ಲ ಸ್ಪಷ್ಟವಾಗಿ ಹೇಳಿದಳು.

ಟಾರ್ಪಾಲು ಸರಿಸಿ ಒಳಗೆ ನುಗ್ಗಿ, ಸೌಟಿನಿಂದ ಗಾಜಿಗೆ ಬಡಿದು, "ಅನ್ನಕ್ಕೆ ಹೊಗೆ ಹಾಕ್ಲಿಕ್ಕೆ ಯಾರು ಹೇಳಿದ್ದು ನಿಮಗೆ?" ಎಂದು ಕೂಗಿದಳು.

ದಯಾನಂದ ಕಣ್ಣು ಅರೆ ತೆರೆದು ಅವಳನ್ನು ನೋಡಿ ನಕ್ಕ.

ಹರಿಣಾಕ್ಷಿ ಗಾಬರಿಯಾದದ್ದು ಆಗ. ಎಷ್ಟೋ ಮದುವೆಗಳಲ್ಲಿ ಈ ಮನುಷ್ಯನನ್ನು ಹಿಂದುಗಡೆ ನೋಡಿದ್ದಳು, ಹಲ್ಲು ಕಂಡದ್ದಿಲ್ಲ. ಬೈಸಿಕೊಳ್ಳುತ್ತ ಹೀಗೆ ಚಂದಕ್ಕೆ ನಗಬೇಕಾದರೆ ಏನೋ ಕೆಟ್ಟಿದೆ ಎಂದು ಅವಳಿಗೆ ಹೊಳೆಯಿತು. ಬಾಗಿಲು ಎಳೆದಳು. ಅವನು ಮೂಟೆಯ ಹಾಗೆ ಅವಳ ಮೇಲೆ ಬಿದ್ದ. "ಭಟ್ರೇ, ಓಡಿ ಬನ್ನಿ!" ಎಂದು ಕೂಗಿದಳು. ಅಡುಗೆಯ ಭಟ್ಟರೂ ಅವಳೂ ಸೇರಿ ಅವನನ್ನು ಬಯಲಿಗೆ ಎಳೆದು ಹಾಕಿದರು. ಅವನ ತಲೆ ಸಿಡಿಯುತ್ತಿತ್ತು, ವಾಂತಿಯಾಯಿತು. ಭಟ್ಟರು ಮಜ್ಜಿಗೆ ಕುಡಿಸಲು ನೋಡಿದರು. ಹರಿಣಾಕ್ಷಿ ಬೇಡ ಎಂದು ತಡೆದು, ಕ್ಯಾಮರಾ ಬಂದ್ ಮಾಡಿಸಿ ವಿಡಿಯೋದವರ ಕಾರನ್ನೇ ಹೊರಡಿಸಿದಳು. ದುಬೈಯವರಿಗೆ ಆಮೇಲೆ ಮಂತ್ರವೂ ಇಲ್ಲ, ಶಬ್ದವೂ ಇಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಡಾಕ್ಟರು ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ಇರುತ್ತದೆ, ನಿದ್ದೆಯಲ್ಲೇ ತೆಗೆದುಕೊಂಡು ಹೋಗುತ್ತದೆ ಎಂದು ವಿವರಿಸಿ, "ಗಾಜು ಯಾಕೆ ಹಾಕಿದ್ರಿ?" ಎಂದು ಕೇಳಿದರು.

"ನುಸಿ" ಅಂದ ದಯಾನಂದ.

ಡಾಕ್ಟರು ಸೊಳ್ಳೆ ಎಂದು ಅದನ್ನೂ ಬರೆದುಕೊಂಡರು.

ಸಂಜೆ ಶೇಖರಣ್ಣ ಬಂದರು. ಮಂಚದ ಪಕ್ಕ ನಿಂತು, ಅವನ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಐಸ್‌ಕ್ರೀಮಿಗೆ ಏನೂ ಆಗ್ಲಿಲ್ಲ ದಯಾ, ನೀನು ಚಿಂತೆ ಮಾಡ್ಬೇಡ" ಅಂದರು. ಅವರ ಮಟ್ಟಿಗೆ ಅದು ಪ್ರೀತಿಯ ಮಾತು. ಮರುದಿನವೇ ಗಾಡಿಯನ್ನು ಬಾವಾಕನ ಗ್ಯಾರೇಜಿಗೆ ಬಿಟ್ಟು ಸೈಲೆನ್ಸರು ಪೂರ್ತಿ ಹೊಸತು ಹಾಕಿಸಿದರು. ಬಾವಾಕ ಹಳೆಯ ಸೈಲೆನ್ಸರನ್ನು ಗ್ಯಾರೇಜಿನ ಬಾಗಿಲಲ್ಲಿ, ಎಲ್ಲ ಡ್ರೈವರುಗಳಿಗೂ ಕಾಣುವ ಹಾಗೆ ನೇತುಹಾಕಿದರು.

ವಾರ ಕಳೆದು ದಯಾನಂದ ಕೆಲಸಕ್ಕೆ ಮರಳಿದ. ಜೀವ ಉಳಿಸಿದವಳಿಗೆ ಏನಾದರೂ ಹೇಳಬೇಕಿತ್ತು. ಆ ಕ್ಯಾಟರಿಂಗಿನವರು ಬರುವ ಮದುವೆಗಳಲ್ಲಿ ಅವನು ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ ನೀರು ಕೇಳಿ ಕುಡಿದು ಬಂದ. ಮೂರನೆಯ ಸಲ ಪಿಸ್ತಾ ಐಸ್‌ಕ್ರೀಮಿನ ಒಂದು ಕಪ್ ತೆಗೆದುಕೊಂಡು ಹೋದ.

"ನನಗೆ ಹಲ್ಲು ಜುಮ್ ಅಂತದೆ" ಅಂದಳು ಹರಿಣಾಕ್ಷಿ, ಕ್ಯಾಬೇಜು ಹೆಚ್ಚುತ್ತಲೇ.

ಕಪ್ ಹಿಡಿದುಕೊಂಡು ಅವನು ನಿಂತೇ ಇದ್ದ. ಐಸ್‌ಕ್ರೀಂ ಕರಗಿ ಅಂಗೈ ಮೇಲೆ ಇಳಿಯಿತು.

"ನಿಮಗೆ ಎಂತಾದರೂ ಕೊಡ್ಲೇಬೇಕು ಅಂತ ಉಂಟಾ?" ಅವಳೇ ಕೇಳಿದಳು.

"ಉಂಟು."

"ಹಾಗಾದರೆ ಡ್ರೈವಿಂಗ್ ಕಲಿಸಿ."

ಅವಳ ಕಾರಣ ನೇರವಾಗಿತ್ತು. ಮದುವೆ ಮುಗಿದ ಮೇಲೆ ಕ್ಯಾಟರಿಂಗಿನ ಹೆಂಗಸರು ಪಾತ್ರೆಯ ಲಾರಿಯಲ್ಲಿ, ಪಾತ್ರೆಗಳ ಮೇಲೆ ಕೂತು ವಾಪಸಾಗಬೇಕು. "ಮೊದಲು ಪಾತ್ರೆ ಇಳಿಸ್ತಾರೆ, ಆಮೇಲೆ ನಮ್ಮನ್ನು. ಪಾತ್ರೆಯನ್ನಾದರೂ ಎಣಿಸ್ತಾರೆ. ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ದರೆ ನಾನು ಮೊದಲು ಮನೆಗೆ ಹೋಗ್ತೇನೆ."

ದಯಾನಂದ ಯೋಚಿಸಿದ. ಕಲಿಸಬಹುದು. ಒಂದೇ ತೊಡಕು, ಅವರಿಬ್ಬರೂ ಒಂದೇ ಕಡೆ ಸಿಗುವುದು ಹಾಲ್‌ನ ಹಿಂದೆ, ಮತ್ತು ಅಲ್ಲಿ ಗಾಡಿ ಕದಲುವ ಹಾಗಿಲ್ಲ.

ಹೀಗೆ ಹರಿಣಾಕ್ಷಿಯ ಡ್ರೈವಿಂಗ್ ತರಬೇತಿ ನಿಂತ ಗಾಡಿಯಲ್ಲಿ ಶುರುವಾಯಿತು. ಒಗ್ಗರಣೆಗೂ ಮೊದಲ ಪಂಕ್ತಿಗೂ ನಡುವೆ ಸಿಗುವ ಬಿಡುವಿನಲ್ಲಿ ಅವಳು ಬಂದು ಸೀಟಿನಲ್ಲಿ ಕೂರುವಳು, ಗಾಜು ಪೂರ್ತಿ ಇಳಿಸಿಯೇ. ಅವನು ಹೊರಗೆ ನಿಂತು ಹೇಳುವನು. ಹೀಟಿನ ಮುಳ್ಳು ಎಲ್ಲಿರಬೇಕು, ಆಯಿಲಿನ ಕೆಂಪು ದೀಪ ಹತ್ತಿದರೆ ಯೋಚಿಸದೆ ಆಫ್ ಮಾಡಬೇಕು, ರೇಡಿಯೇಟರಿನ ಮುಚ್ಚಳ ಬಿಸಿಯಲ್ಲಿ ಮುಟ್ಟಲೇಬಾರದು. ಆಗಾಗ ತಂತಿ ಎಳೆದು ಇಂಜಿನ್ನಿಗೆ ಸ್ವಲ್ಪ ವೇಗ ಕೊಡಬೇಕು. ಮದುವೆ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ಒಂದಷ್ಟು ದೂರ ಗಾಡಿಯನ್ನು ಜೋರಾಗಿ ಬಿಟ್ಟು ಒಳಗಿನ ಮಸಿ ಕಳೆಯಬೇಕು. ಮುಂದೆ ಹೋಗುವುದನ್ನು ಕಲಿಯುವ ಮೊದಲೇ ಅವಳು ನಿಲ್ಲುವುದರಲ್ಲಿ ಪಳಗಿದಳು.

"ನಿಮ್ಮ ಗಾಡಿ ಈಗ ಬೇರೆ ಥರ ಕೇಳ್ತದೆ" ಅಂದಳು ಒಂದು ದಿನ.

ದಯಾನಂದ ಕಿವಿ ಕೊಟ್ಟ. ಬೆಲ್ಟು ಸಡಿಲವಾಗಿ ಸಣ್ಣಗೆ ಕಿರುಗುಟ್ಟುತ್ತಿತ್ತು. ಅದು ಅವನಿಗೆ ಕೇಳಿಸಿರಲಿಲ್ಲ. ಅಂದು ಅವನು ಅವಳನ್ನು ಒಂದು ಗಳಿಗೆ ಹೆಚ್ಚೇ ನೋಡಿದ. ಅವಳು "ಎಂತ?" ಅಂದಳು. ಅವನು "ಎಂತ ಇಲ್ಲ" ಅಂದ.

ಮಳೆಗಾಲದಲ್ಲಿ ಮದುವೆಗಳು ನಿಂತ ಮೇಲೆ ಅವಳು ಕಲಿಯುವವರ ಲೈಸೆನ್ಸು ಎಲ್ಲೆಲ್ ಮಾಡಿಸಿಕೊಂಡು, ಬಂಟ್ವಾಳದ ಒಂದು ಡ್ರೈವಿಂಗ್ ಶಾಲೆಯಲ್ಲಿ ಚಲಿಸುವುದನ್ನು ಕಲಿತಳು. ಟೆಸ್ಟಿನ ದಿನ ಇನ್‌ಸ್ಪೆಕ್ಟರು ಗಾಡಿ ನಿಲ್ಲಿಸಲು ಹೇಳಿದಾಗ ಅವಳು ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಹುಡುಕಲು ಹೊರಟಳಂತೆ. ಅವರು ಪಾಸ್ ಮಾಡಿದರು.

ದೀಪಾವಳಿ ಕಳೆದು ಮತ್ತೆ ಮುಹೂರ್ತಗಳು ಬಂದವು. ಒಂದು ದೊಡ್ಡ ಮದುವೆಯ ಹಿಂದಿನ ದಿನ ದಯಾನಂದನಿಗೆ ಜ್ವರ ಏರಿತು. ಕಲ್ಲಡ್ಕದಲ್ಲಿ ಮದುವೆ, ಐಸ್‌ಕ್ರೀಂ ಸಾವಿರ ಜನಕ್ಕೆ. ಬೇರೆ ಡ್ರೈವರುಗಳೆಲ್ಲ ಬೇರೆ ಮದುವೆಗಳ ಪಾಲಾಗಿದ್ದರು. ಶೇಖರಣ್ಣ ಫೋನಿನಲ್ಲಿ ತಲೆ ಚಚ್ಚಿಕೊಂಡರು. ದಯಾನಂದ ಕಂಬಳಿಯೊಳಗಿನಿಂದ, "ಹರಿಣಾಕ್ಷಿಯವರನ್ನು ಕೇಳಿ" ಅಂದ.

"ಅವರು ಅನ್ನ ಬಸಿಯುವವರಲ್ವಾ?"

"ನಿಂತ ಗಾಡಿ ನನಗಿಂತ ಚೆನ್ನಾಗಿ ನೋಡ್ಕೊಳ್ತಾರೆ."

ಶೇಖರಣ್ಣನಿಗೆ ಬೇರೆ ದಾರಿ ಇರಲಿಲ್ಲ. ಹರಿಣಾಕ್ಷಿ ಆ ದಿನದ ಕ್ಯಾಟರಿಂಗಿಗೆ ರಜೆ ಹೇಳಿ ಬಿ.ಸಿ. ರೋಡಿಗೆ ಬಂದು ಕೀಲಿ ತೆಗೆದುಕೊಂಡಳು. ಮೇಲ್ಕಾರು ದಾಟಿ ಕಲ್ಲಡ್ಕದವರೆಗೆ ಎರಡನೇ ಗೇರಿನಲ್ಲೇ ಹೋದಳು. ಹಿಂದೆ ಬಂದ ಬಸ್ಸಿನವನು ಹಾರನ್ ಬಾರಿಸಿ ಬಾರಿಸಿ ಕೊನೆಗೆ ಅವನೂ ಸುಸ್ತಾದ.

ಆ ಹಾಲ್‌ನ ಹಿಂದುಗಡೆ ಅಡಿಕೆ ತೋಟಕ್ಕೆ ತಾಗಿಕೊಂಡೇ ಇತ್ತು. ಅವಳು ಜಾಗ ಗುಡಿಸಿ, ಹೊಗೆ ತೋಟದ ಕಡೆಗೆ ಹೋಗುವಂತೆ ಗಾಡಿ ನಿಲ್ಲಿಸಿ, ಕಲ್ಲು ಕೊಟ್ಟು ಕೂತಳು. ಮದುಮಗನ ದಿಬ್ಬಣದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತ ಸುದ್ದಿ ಬಂತು. ಧಾರೆ ತಡವಾಯಿತು, ಊಟ ತಡವಾಯಿತು. ಹೊತ್ತು ಏರಿದ ಹಾಗೆ ಗಾಳಿ ಎದ್ದು ತೋಟದ ಒಣ ಸೋಗೆಗಳನ್ನು ಉದುರಿಸಿ ತಳ್ಳಿಕೊಂಡು ಬಂತು. ಒಂದು ಸೋಗೆ ಗಾಡಿಯ ಅಡಿಗೆ ಸೇರಿ ಸೈಲೆನ್ಸರಿಗೆ ತಾಗಿಕೊಂಡದ್ದು ಅವಳಿಗೆ ಕಾಣಲಿಲ್ಲ. ಮೂಗಿಗೆ ಮೊದಲು ಗೊತ್ತಾಯಿತು. ಬೀಡಿ ಕಟ್ಟಿದವಳಿಗೆ ಒಣ ಎಲೆ ಸುಡುವ ವಾಸನೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಗ್ಗಿ ನೋಡಿದರೆ ಅಡಿಯಲ್ಲಿ ಹೊಗೆ, ನಡುವೆ ಕೆಂಪು. ಹಿಂದುಗಡೆ ಇದ್ದವರೆಲ್ಲ "ನೀರು, ನೀರು" ಎಂದು ಕೂಗುತ್ತ ನೀರು ಇಲ್ಲದ ಕಡೆಗೆ ಓಡಿದರು. ಹರಿಣಾಕ್ಷಿ ಕಲ್ಲು ತೆಗೆದು, ಹತ್ತಿ, ಗಾಡಿಯನ್ನು ಬೆಂಕಿಯಿಂದ ದೂರ ಬರಿ ನೆಲಕ್ಕೆ ಮುಂದಕ್ಕೆ ತಂದು ನಿಲ್ಲಿಸಿದಳು. ಅಂಟಿಕೊಂಡು ಬಂದ ತುಂಡನ್ನು ಕೋಲಿನಿಂದ ಎಳೆದು ಹಾಕಿದಳು. ಆಮೇಲೆ ಹಿಂದೆ ಬಂದು, ಪಕ್ಕದಲ್ಲೇ ಇದ್ದ ಅಕ್ಕಿ ತೊಳೆದ ನೀರಿನ ಕೊಪ್ಪರಿಗೆಯನ್ನೇ ವಾಲಿಸಿ ಉರಿಯುತ್ತಿದ್ದ ಸೋಗೆಯ ಮೇಲೆ ಸುರಿದಳು. ಬೆಂಕಿ ಆರಿತು. ಓಡಿದವರು ಬಕೆಟ್ಟು ಹಿಡಿದು ಬಂದಾಗ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ತಂದ ನೀರನ್ನು ಗೌರವಕ್ಕೆ ಅದರ ಮೇಲೇ ಹಾಕಿದರು.

ಎಲ್ಲ ಮುಗಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡಳು. ದಯಾನಂದನಿಗೆ ಫೋನ್ ಮಾಡಿದಳು.

"ಗಾಡಿಯ ಅಡಿಗೆ ಬೆಂಕಿ ಬಿತ್ತು. ಈಗ ಇಲ್ಲ. ಗಾಡಿ ಓಡ್ತಾ ಉಂಟು. ಏನಾದರೂ ಹಾಳಾಗಿದೆಯಾ ಅಂತ ನನಗೆ ಗೊತ್ತಾಗುವುದಿಲ್ಲ."

"ನಿಮಗೆ?"

"ನನಗೆ ಎಂತ ಇಲ್ಲ."

"ಫೋನನ್ನು ಇಂಜಿನ್ ಹತ್ತಿರ ಹಿಡಿಯಿರಿ."

ಅವಳು ಬಾನೆಟ್ ಎತ್ತಿ ಫೋನ್ ಹಿಡಿದಳು. ನಾರಾವಿಯ ಗುಡ್ಡದ ಮನೆಯಲ್ಲಿ ಗಂಜಿ ಹಿಡಿದು ಒಳಗೆ ಬಂದ ಸೇಸಮ್ಮ, ಮಗ ಕಣ್ಣು ಮುಚ್ಚಿಕೊಂಡು ಕಿವಿಗೆ ಫೋನ್ ಒತ್ತಿ ಮಲಗಿರುವುದನ್ನು ಕಂಡರು. ಅವನು ಮಾತಾಡುತ್ತಿರಲಿಲ್ಲ. ಆಚೆಯಿಂದಲೂ ಯಾರೂ ಮಾತಾಡುತ್ತಿರಲಿಲ್ಲ, ಢರ್ ಢರ್ ಎಂಬ ಸದ್ದು ಮಾತ್ರ. ಜ್ವರ ತಲೆಗೇರಿತು ಎಂದುಕೊಂಡು ಅವರು ಹಣೆ ಮುಟ್ಟಿ ನೋಡಿದರು. ಜ್ವರ ಇಳಿದಿತ್ತು.

"ಚೆನ್ನಾಗುಂಟು" ಅಂದ ದಯಾನಂದ ಫೋನಿಗೆ. "ಸ್ವಲ್ಪ ಎಳೆದಿಡಿ. ಹೀಟಿನ ಮುಳ್ಳು ನೋಡ್ತಾ ಇರಿ."

"ಯಾರು ಮಗಾ ಅದು?" ಕೇಳಿದರು ಸೇಸಮ್ಮ.

"ಗಾಡಿ."

"ಗಾಡಿ ಹಿಡ್ಕೊಂಡವರು ಯಾರು?"

ದಯಾನಂದ ಗಂಜಿಯ ಬಟ್ಟಲಿಗೆ ಕೈ ಚಾಚಿದ. ಸೇಸಮ್ಮ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡರು. ಹೆಸರು ಹೇಳಿದ ಮೇಲೆಯೇ ಗಂಜಿ ಸಿಕ್ಕಿತು. ಆಮೇಲೆ ಅವರು ಊರು ಕೇಳಿದರು, ಮನೆಯವರನ್ನು ಕೇಳಿದರು, ವಯಸ್ಸು ಕೇಳಿದರು. ಕೊನೆಗೆ, "ಗುಡ್ಡ ಹತ್ತುವ ಕಾಲು ಉಂಟಾ ಅವಳಿಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ದಯಾನಂದ ಒಂದು ತಿಂಗಳು ಯೋಚಿಸಿದ. ಬೆಳ್ತಂಗಡಿಯಲ್ಲಿ ಒಂದು ಮದುವೆ. ಅಂದು ಅವಳದ್ದೂ ಅಲ್ಲೇ ಕೆಲಸ. ಅವಳು ಬಿಡುವು ಮಾಡಿಕೊಂಡು ಬಂದು ಬಾನೆಟ್ಟಿನ ಒಂದು ಪಕ್ಕ ನಿಂತು ಚಹಾ ಕುಡಿಯುತ್ತಿದ್ದಳು, ಅವನು ಇನ್ನೊಂದು ಪಕ್ಕ. ನಡುವೆ ಇಂಜಿನ್ನು. ಅವನು ಹೇಳಿದ. ಅವಳು ಚಹಾ ಊದಿಕೊಳ್ಳುತ್ತಿದ್ದಳು, ಮುಖದಲ್ಲಿ ಏನೂ ಬದಲಾಗಲಿಲ್ಲ.

ಇಂಜಿನ್ ಬಂದ್ ಮಾಡಿ ಹೇಳಬಹುದಿತ್ತು. ಆದರೆ ಒಳಗೆ ಆರುನೂರು ಕಪ್ ಇತ್ತು, ಹೊರಗೆ ಬಿಸಿಲು. ದಯಾನಂದ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಮಾತನ್ನು ಎರಡನೆಯ ಸಲ ಹೇಳಲು ನಿರ್ಧರಿಸಿದ. ಇಂಜಿನ್ನಿನ ಮೇಲಿಂದ ಕೇಳಬೇಕೆಂದು ಪೂರ್ತಿ ಉಸಿರು ತುಂಬಿಕೊಂಡು, "ನಾವು ಮದುವೆ ಆಗುವನಾ?" ಎಂದು ಕೂಗಿದ.

ಜಿಲೇಬಿ ಬಿಡುತ್ತಿದ್ದ ಭಟ್ಟರ ಕೈ ನಿಂತಿತು. ಪಾತ್ರೆ ತೊಳೆಯುವವರು ನಲ್ಲಿ ನಿಲ್ಲಿಸಿದರು. ಕೈತೊಳೆಯಲು ಹಿಂದೆ ಬಂದಿದ್ದ ಮದುವೆಮನೆಯ ಯಾರೋ ಹಿರಿಯರು ಕರವಸ್ತ್ರ ಹಿಡಿದುಕೊಂಡು ಅಲ್ಲೇ ನಿಂತರು.

"ಕೇಳಿತು" ಅಂದಳು ಹರಿಣಾಕ್ಷಿ. "ಮೊದಲ ಸಲವೇ ಕೇಳಿತ್ತು."

"ಮತ್ತೆ ಯಾಕೆ ಮಾತಾಡ್ಲಿಲ್ಲ?"

"ಯೋಚನೆ ಮಾಡ್ಲಿಕ್ಕೆ ಬಿಡ್ಬೇಕಲ್ಲ ಮಾರಾಯ್ರೆ. ಚಹಾ ಕುಡಿಯುವಷ್ಟಾದರೂ." ಅವಳು ಉಳಿದ ಚಹಾ ಕುಡಿದು ಮುಗಿಸಿದಳು. ಎಲ್ಲರೂ ಕಾದರು. ಲೋಟ ಬಾನೆಟ್ಟಿನ ಮೇಲಿಟ್ಟು, "ಆಗುವ. ಆದರೆ ನಾನು ಗಾಡಿ ಬಿಡುವುದನ್ನು ಬಿಡುವುದಿಲ್ಲ. ಮತ್ತೆ ಅಕ್ಕನ ಹತ್ತಿರ ನೀವೇ ಬಂದು ಕೇಳ್ಬೇಕು, ಇಷ್ಟು ಜೋರಾಗಿ ಬೇಡ" ಅಂದಳು.

ಭಟ್ಟರು ಜಿಲೇಬಿ ಕರಟಿದ್ದನ್ನು ನೋಡಿ ಜಾಲರಿ ಎತ್ತಿದರು. ಆ ಒಂದು ಸುತ್ತು ಜಿಲೇಬಿ ಯಾರಿಗೂ ಬಡಿಸಲಿಲ್ಲ, ಹಿಂದುಗಡೆಯವರೇ ತಿಂದರು.

ಮದುವೆ ನರಿಕೊಂಬಿನ ಅಕ್ಕನ ಮನೆಯ ಅಂಗಳದಲ್ಲಿ ಸಣ್ಣದಾಗಿ ಆಯಿತು. ಬಾವಾಕ ಬಂದಿದ್ದರು. ಶೇಖರಣ್ಣ ಐಸ್‌ಕ್ರೀಂ ತಾವೇ ತಂದು, ಯಾರ ಹತ್ತಿರವೂ ಗಾಡಿ ಬಿಡದೆ ಸ್ವತಃ ಪಿಕಪ್ಪಿನ ಪಕ್ಕ ಬೆವರುತ್ತ ಕೂತರು. ದಯಾನಂದನಿಗೆ ಧಾರೆ ಎಂದರೆ ಏನೇನು ನಡೆಯುತ್ತದೆಂದು ಆವತ್ತೇ ಗೊತ್ತಾದದ್ದು. ಇಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿದ್ದರೂ ಯಾಕೆ ಹಿಡಿಯುತ್ತದೆಂದು ಅವನಿಗೆ ತಿಳಿದಿರಲಿಲ್ಲ. ನಡುವೆ ಒಂದು ಸಲ ಅವನ ಕತ್ತು ಗೇಟಿನ ಕಡೆಗೆ ತಿರುಗಿದಾಗ ಹರಿಣಾಕ್ಷಿ ತುಟಿ ಅಲುಗಿಸದೆ, "ಮುಳ್ಳು ಸರಿ ಉಂಟು, ಬರುವಾಗ ನೋಡಿದೆ" ಅಂದಳು. ಅವನು ಪುರೋಹಿತರ ಕಡೆಗೆ ತಿರುಗಿದ.

ಸೇಸಮ್ಮ ಸೊಸೆಯ ಕಾಲನ್ನು ಮೊದಲ ದಿನವೇ ಪರೀಕ್ಷಿಸಿದರು. ಅವಳು ಗುಡ್ಡವನ್ನು ಎರಡು ಚೀಲ ಹಿಡಿದು ನಿಲ್ಲದೆ ಹತ್ತಿದಳು. ಸೇಸಮ್ಮನೇ ನಡುವೆ ಕೂತರು.

ಈಗ ಶೇಖರಣ್ಣನ ಹತ್ತಿರ ಎರಡು ಪಿಕಪ್ಪು. ಹೊಸತನ್ನು ಹರಿಣಾಕ್ಷಿ ಬಿಡುತ್ತಾಳೆ. ಹೊಸ ಗಾಡಿಗೆ ಬಹಳ ಹೊತ್ತು ನಿಂತಲ್ಲೇ ಓಡಿದರೆ ಹೊಗೆ ಸೋಸುವ ಜಾಲರಿಯಲ್ಲಿ ಮಸಿ ಕಟ್ಟಿಕೊಂಡು ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಆಗ ಹೆದ್ದಾರಿಯಲ್ಲಿ ಒಂದಷ್ಟು ದೂರ ಜೋರಾಗಿ ಓಡಿಸಿ ತರಬೇಕು. ಹರಿಣಾಕ್ಷಿಗೆ ಆ ದೀಪ ಹತ್ತುವುದು ಇಷ್ಟ ಎಂದು ದಯಾನಂದನಿಗೆ ಅನುಮಾನ ಉಂಟು. ಅವಳು ಈಗ ಎರಡನೇ ಗೇರಿನಲ್ಲಿ ಇಲ್ಲ. ವಾಪಸು ಬರುವಾಗ ಅವಳ ಕ್ಯಾಬಿನ್ನಿನಲ್ಲಿ ಕ್ಯಾಟರಿಂಗಿನ ಹೆಂಗಸರು ಹಿಡಿಸುವಷ್ಟು ಜನ ಇರುತ್ತಾರೆ, ಅವರನ್ನು ಅವರವರ ಗೇಟಿನ ಎದುರೇ ಇಳಿಸುತ್ತಾಳೆ.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮದುವೆಗಳಿಲ್ಲ. ಎರಡೂ ಗಾಡಿಗಳು ಬಿ.ಸಿ. ರೋಡಿನ ಶೆಡ್ಡಿನಲ್ಲಿ ಇರುತ್ತವೆ, ಗಂಡ ಹೆಂಡತಿ ಮನೆಯಲ್ಲಿ. ಹೋದ ಆಟಿಯಲ್ಲಿ ಒಂದು ದಿನ ಇಬ್ಬರೂ ಸೀರೆ ತರಲೆಂದು ಮೂಡುಬಿದಿರೆಗೆ ಬಸ್ಸಿನಲ್ಲಿ ಹೊರಟರು. ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ತಿರುವು ಬಂದಾಗಲೆಲ್ಲ ಇಬ್ಬರ ಬಲಗಾಲೂ ಒಟ್ಟಿಗೆ ನೆಲವನ್ನು ಒತ್ತುತ್ತಿತ್ತು. ಕಂಡಕ್ಟರು ಎರಡು ಸಲ ಕೆಳಗೆ ನೋಡಿದ, ಮೂರನೆಯ ಸಲ ಕೇಳಿಯೇಬಿಟ್ಟ.

"ಎಂತ, ಕಾಲು ಹಿಡಿದಿದೆಯಾ?"

"ಇಲ್ಲ" ಅಂದಳು ಹರಿಣಾಕ್ಷಿ. "ನಿಮ್ಮ ಡ್ರೈವರು ಬ್ರೇಕು ಹಾಕುವುದು ತಡವಾಯ್ತು."

ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿದ. ಆಮೇಲೆ ಮೂಡುಬಿದಿರೆಯವರೆಗೂ ಸ್ವಲ್ಪ ಮುಂಚೆಯೇ ಹಾಕಿದ.